ಬರೆಯದೆ ಬಿಟ್ಟ ಅಧ್ಯಾಯ

ಬಿ.ಎ. ತರಗತಿಯಲ್ಲಿ ಬಸವಪ್ಪ ಶಾಸ್ತ್ರಿಗಳ ಶಾಕುಂತಲವನ್ನು ಪಾಠ ಹೇಳುವಾಗ, ದೂರ್ವಾಸರ ಶಾಪದ ಪ್ರಸಂಗ ಬಂದೊಡನೆ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಎದ್ದುನಿಂತು, ಮರೆವು ಅಷ್ಟು ಅನುಕೂಲವಾಗಿ ಬರುವುದುಂಟೆ ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ವ್ಯಾಸಭಾರತದ ದುಷ್ಯಂತನಿಗೆ ಶಾಪವೂ ಇಲ್ಲ, ಉಂಗುರವೂ ಇಲ್ಲ. ಎಲ್ಲವೂ ನೆನಪಿದ್ದೇ ಅವನು ತುಂಬಿದ ಸಭೆಯಲ್ಲಿ ಹೆಂಡತಿಯನ್ನು ಅರಿಯೆನೆನ್ನುತ್ತಾನೆ. ಕಾಳಿದಾಸನು ಶಾಪವನ್ನು ತಂದು ಅರಸನ ಮಾನವನ್ನು ಉಳಿಸಿದನು. ಈ ಪಾಠ ಹೇಳುವಾಗಲೆಲ್ಲ ನನ್ನ ಮನಸ್ಸು ಕಣ್ವಾಶ್ರಮವನ್ನು ಬಿಟ್ಟು ಇಂಗ್ಲೆಂಡಿನ ಒಂದು ಚಳಿಗಾಲದ ರಾತ್ರಿಯ ಕಡೆಗೆ ಹೋಗಿಬಿಡುತ್ತದೆ. ಅಲ್ಲಿಯೂ ಒಂದು ಮರೆವಿನ ಕಥೆಯಿದೆ. ಆದರೆ ಅಲ್ಲಿ ಮರೆತವನು ತೊರೆದ ಗಂಡನಲ್ಲ. ಮರೆತವಳು ಅವನು ತೊರೆದ ಹೆಂಡತಿ. ಆ ಹೆಂಡತಿ, ಪತ್ತೇದಾರಿ ಕಾದಂಬರಿಗಳನ್ನು ಓದುವವರೆಲ್ಲ ಬಲ್ಲ ಅಗಾಥಾ ಕ್ರಿಸ್ಟಿ.

ಆಕೆ ಹುಟ್ಟಿದ್ದು 1890ರ ಸೆಪ್ಟೆಂಬರ್ 15ರಂದು, ಡೆವನ್ ಪ್ರಾಂತದ ಟಾರ್ಕೀ ಎಂಬ ಕಡಲತೀರದ ಊರಿನಲ್ಲಿ. ಮೂವರು ಮಕ್ಕಳಲ್ಲಿ ಕಿರಿಯವಳು. ತಂದೆ ಫ್ರೆಡರಿಕ್ ಮಿಲ್ಲರ್ ಅಮೆರಿಕದವನು. ಮಗಳಿಗೆ ಹನ್ನೊಂದು ವರ್ಷವಾಗಿದ್ದಾಗ ತೀರಿಕೊಂಡನು. ಅಲ್ಲಿಂದ ಮುಂದೆ ಆಷ್‌ಫೀಲ್ಡ್ ಎಂಬ ಆ ದೊಡ್ಡ ಮನೆಯಲ್ಲಿ ತಾಯಿಯೇ ಆಕೆಗೆ ಲೋಕ. ಶಾಲೆಯ ಓದು ಬಹಳ ಕಡಿಮೆ; ಎಂಟು ವರ್ಷದವರೆಗೆ ಅಕ್ಷರ ಕಲಿಸಬಾರದೆಂಬ ವಿಚಿತ್ರ ನಿಯಮವನ್ನು ತಾಯಿ ಮಾಡಿದ್ದಳು. ಮಗಳು ಐದನೆಯ ವಯಸ್ಸಿಗೇ ತಾನಾಗಿ ಓದಲು ಕಲಿತು ಆ ನಿಯಮವನ್ನು ಸುಳ್ಳು ಮಾಡಿದಳು.

1914ರ ಕ್ರಿಸ್‌ಮಸ್ಸಿನ ಹಿಂದಿನ ದಿನ, ಮಹಾಯುದ್ಧದ ನಡುವೆ, ವಿಮಾನದಳದ ಅಧಿಕಾರಿ ಆರ್ಚಿಬಾಲ್ಡ್ ಕ್ರಿಸ್ಟಿಯೊಡನೆ ಅವಸರದ ಮದುವೆಯಾಯಿತು. ಗಂಡನು ರಣರಂಗಕ್ಕೆ ಮರಳಿದನು. ಹೆಂಡತಿ ಟಾರ್ಕೀ ಊರಿನ ಯುದ್ಧಾಸ್ಪತ್ರೆಯಲ್ಲಿ ಮೊದಲು ದಾದಿಯಾಗಿ, ಅನಂತರ ಔಷಧಿ ಕೊಡುವ ಕೊಠಡಿಯಲ್ಲಿ ದುಡಿದಳು. ಅಲ್ಲಿ ವಿಷಗಳ ಗುಣಧರ್ಮವನ್ನು ಕಲಿತದ್ದು ಮುಂದೆ ಎಷ್ಟು ಪಾತ್ರಗಳ ಪ್ರಾಣ ತೆಗೆಯಿತೆಂಬುದನ್ನು ಆಕೆಯ ಓದುಗರು ಬಲ್ಲರು! ಹಲವು ಪ್ರಕಾಶಕರು ಹಿಂದಿರುಗಿಸಿದ ಮೊದಲ ಕಾದಂಬರಿ, ಸ್ಟೈಲ್ಸ್ ಎಂಬ ಮನೆಯಲ್ಲಿ ನಡೆದ ಕೊಲೆಯ ಕಥೆ, 1920ರಲ್ಲಿ ಅಚ್ಚಾಯಿತು. ಅಷ್ಟರಲ್ಲಿ ರೋಸಲಿಂಡ್ ಎಂಬ ಹೆಣ್ಣು ಮಗು ಹುಟ್ಟಿತ್ತು. 1922ರಲ್ಲಿ ಗಂಡನು ಬ್ರಿಟಿಷ್ ಸಾಮ್ರಾಜ್ಯದ ವಸ್ತುಪ್ರದರ್ಶನದ ಪ್ರಚಾರಕ್ಕಾಗಿ ಹೊರಟಾಗ ಆಕೆಯೂ ಜೊತೆಗೆ ದಕ್ಷಿಣ ಆಫ್ರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡುಗಳನ್ನು ಸುತ್ತಿದಳು. ಕೇಪ್‌ಟೌನಿನ ಸಮುದ್ರದಲ್ಲಿ ಹಲಗೆಯ ಮೇಲೆ ಅಲೆಗಳನ್ನೇರಿ ಆಡಿದ ದಿನಗಳವು. ಈ ಕೇಪ್‌ಟೌನನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಬಳಿಕ ದಂಪತಿಗಳು ಬರ್ಕ್‌ಷೈರಿನ ಸನ್ನಿಂಗ್‌ಡೇಲಿನಲ್ಲಿ ನೆಲೆಸಿದರು. ಅಲ್ಲಿ ಕೊಂಡ ಮನೆಗೆ ಮೊದಲ ಕಾದಂಬರಿಯ ನೆನಪಿಗೆ ಸ್ಟೈಲ್ಸ್ ಎಂದೇ ಹೆಸರಿಟ್ಟರು. ಆರ್ಚಿಗೆ ಲಂಡನಿನಲ್ಲಿ ಉದ್ಯೋಗ, ವಾರದ ಕೊನೆಗೆ ಗಾಲ್ಫ್ ಆಟ. ಆಟದ ಗೆಳೆಯರ ಗುಂಪಿನಲ್ಲಿ ನ್ಯಾನ್ಸಿ ನೀಲ್ ಎಂಬ ತರುಣಿಯಿದ್ದಳು.

1926ನೆಯ ವರ್ಷ ಆಕೆಗೆ ಎರಡು ಮುಖದಿಂದ ಬಂದಿತು. ರೋಜರ್ ಆಕ್ರಾಯ್ಡ್‌ನ ಕೊಲೆಯ ಕಾದಂಬರಿ ಪ್ರಕಟವಾಗಿ ಕೀರ್ತಿ ತಂದಿತು. ಆದರೆ ಅದೇ ಏಪ್ರಿಲಿನಲ್ಲಿ ತಾಯಿ ತೀರಿಕೊಂಡಳು. ಗಂಡನು ವ್ಯವಹಾರದ ನಿಮಿತ್ತ ಸ್ಪೇನಿನಲ್ಲಿದ್ದನು, ಶವಸಂಸ್ಕಾರಕ್ಕೆ ಬರಲಿಲ್ಲ. ಬೇಸಗೆಯಲ್ಲಿ ಆಕೆ ಆಷ್‌ಫೀಲ್ಡಿಗೆ ಹೋಗಿ, ಬಾಲ್ಯದ ಮನೆಯ ಕೋಣೆಕೋಣೆಗಳಲ್ಲಿ ತುಂಬಿದ್ದ ಹಳೆಯ ಬಟ್ಟೆಬರೆ, ಕಾಗದಪತ್ರ, ಹಾಳುಮೂಳುಗಳನ್ನು ವಿಂಗಡಿಸುತ್ತ ಕುಳಿತಳು. ಸತ್ತವರ ಪೆಟ್ಟಿಗೆಗಳನ್ನು ತೆರೆದು ಅಣಿಗೊಳಿಸಿದವರಿಗೆ ಆ ಕೆಲಸದ ಆಯಾಸ ಎಂಥದೆಂದು ಹೇಳಬೇಕಾಗಿಲ್ಲ. ನಿದ್ರೆ ಕೆಟ್ಟಿತು, ಊಟ ಸೇರದಾಯಿತು. ಕಾರು ಹೊರಡಲೊಲ್ಲದೆ ನಿಂತಾಗ ಅಷ್ಟಕ್ಕೇ ಅತ್ತುಬಿಟ್ಟಳು. ಒಮ್ಮೆ ಚೆಕ್ಕಿಗೆ ರುಜು ಹಾಕಲು ಲೇಖನಿ ಎತ್ತಿದವಳಿಗೆ ತನ್ನ ಹೆಸರೇ ಹೊಳೆಯದೆ, ಥ್ಯಾಕರೆಯ ಪೆಂಡೆನಿಸ್ ಕಾದಂಬರಿಯ ಬ್ಲಾಂಚ್ ಅಮೋರಿ ಎಂಬ ಪಾತ್ರದ ಹೆಸರನ್ನು ಬರೆದಳು. ಇದನ್ನು ಬೇರೆ ಯಾರೋ ಹೇಳಿದ್ದಲ್ಲ, ಆಕೆಯೇ ಆತ್ಮಕಥೆಯಲ್ಲಿ ದಾಖಲಿಸಿದ್ದಾಳೆ.

ಆಗಸ್ಟ್ ತಿಂಗಳಲ್ಲಿ, ಮಗಳ ಹುಟ್ಟುಹಬ್ಬಕ್ಕೆಂದು ಬಂದ ಗಂಡನು, ತಾನು ನ್ಯಾನ್ಸಿ ನೀಲಳನ್ನು ಪ್ರೀತಿಸಿರುವುದಾಗಿಯೂ ತನಗೆ ಬಿಡುಗಡೆ ಬೇಕೆಂದೂ ತಿಳಿಸಿದನು. ದುಃಖ, ಕಾಯಿಲೆ ಇವುಗಳ ಹತ್ತಿರ ನಿಲ್ಲಲಾರದ ಸ್ವಭಾವ ಅವನದು. ಮಗುವಿಗಾಗಿ ಕೆಲವು ತಿಂಗಳು ಒಂದೇ ಸೂರಿನಡಿ ಇದ್ದು ನೋಡಿದರು. ಅದು ಫಲಿಸಲಿಲ್ಲ.

ಡಿಸೆಂಬರ್ 3, ಶುಕ್ರವಾರ. ವಾರದ ಕೊನೆಯನ್ನು ಆರ್ಚಿ ಗಾಡಲ್ಮಿಂಗ್ ಬಳಿಯ ಸ್ನೇಹಿತರ ಮನೆಯಲ್ಲಿ ಕಳೆಯಲು ಹೋದನು. ನ್ಯಾನ್ಸಿಯೂ ಅಲ್ಲಿಗೆ ಬಂದಿದ್ದಳು. ರಾತ್ರಿ ಸುಮಾರು 9-45ಕ್ಕೆ ಅಗಾಥಾ ಮಹಡಿ ಹತ್ತಿ, ನಿದ್ರಿಸುತ್ತಿದ್ದ ಏಳು ವರ್ಷದ ಮಗಳಿಗೆ ಮುತ್ತಿಟ್ಟು, ಕೆಳಗಿಳಿದು ತನ್ನ ಮಾರಿಸ್ ಕಾರನ್ನೇರಿ ಕತ್ತಲೆಯಲ್ಲಿ ಹೊರಟುಹೋದಳು. ಕಾರ್ಯದರ್ಶಿ ಷಾರ್ಲೆಟ್ ಫಿಷರಳಿಗೆ ಒಂದು ಪತ್ರ, ಗಂಡನಿಗೆ ಒಂದು ಪತ್ರ ಮನೆಯಲ್ಲಿ ಉಳಿದವು. ಮರುದಿನ ಬೆಳಿಗ್ಗೆ ಗಿಲ್‌ಫರ್ಡ್ ಹತ್ತಿರದ ನ್ಯೂಲೆಂಡ್ಸ್ ಕಾರ್ನರ್ ಎಂಬ ಗುಡ್ಡದ ಇಳಿಜಾರಿನಲ್ಲಿ, ಸುಣ್ಣಕಲ್ಲಿನ ಗುಂಡಿಯೊಂದರ ಬಳಿ, ಪೊದೆಗಳಲ್ಲಿ ಸಿಕ್ಕಿಕೊಂಡಿದ್ದ ಕಾರು ಸಿಕ್ಕಿತು. ಒಳಗೆ ತುಪ್ಪುಳ ಕೋಟು, ಬಟ್ಟೆಯ ಚಿಕ್ಕ ಪೆಟ್ಟಿಗೆ, ಅವಧಿ ಮೀರಿದ ಚಾಲನಾ ಪರವಾನಗಿ. ಅಷ್ಟು ಚಳಿಯಲ್ಲಿ ಕೋಟನ್ನು ಬಿಟ್ಟು ಹೋದವಳು ಬದುಕಿರಲಾರಳೆಂದು ಕಂಡವರು ಎಣಿಸಿದರು. ಗಂಡನಿದ್ದ ಮನೆ ಅಲ್ಲಿಂದ ಕೆಲವೇ ಮೈಲಿ ದೂರ.

ಮುಂದಿನ ದಿನಗಳ ಗದ್ದಲವನ್ನು ಬಣ್ಣಿಸಿ ಮುಗಿಸುವಂತಿಲ್ಲ. ಸರೆ ಪ್ರಾಂತದ ಪೋಲೀಸು ಅಧಿಕಾರಿ ಕೆನ್‌ವರ್ಡ್, ಆಕೆಯ ಹೆಣ ಆ ಗುಡ್ಡಗಳಲ್ಲೇ ಇದೆಯೆಂದು ನಂಬಿ ಹುಡುಕಿಸಿದನು. ಸೈಲೆಂಟ್ ಪೂಲ್ ಎಂಬ ಕೊಳವನ್ನು ಜಾಲಾಡಿದರು, ಬೇಟೆನಾಯಿಗಳು ಬಂದವು, ವಿಮಾನಗಳು ಹಾರಿದವು. ಎರಡನೆಯ ಭಾನುವಾರ ಸಾವಿರಾರು ಜನ ಸಾಮಾನ್ಯರು ಸಾಲುಗಟ್ಟಿ ಪೊದೆಗಳನ್ನು ತಡಕಿದರು. ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಕಾನನ್ ಡಾಯ್ಲ್, ಆಕೆಯ ಕೈಗವುಸನ್ನು ಪಡೆದು ಒಬ್ಬ ಪ್ರೇತವಿದ್ಯಾನಿಪುಣನ ಕೈಗೆ ಕೊಟ್ಟನು! ತರ್ಕವೇ ಮೂರ್ತಿವೆತ್ತಂಥ ಪತ್ತೇದಾರನನ್ನು ಲೋಕಕ್ಕೆ ಕೊಟ್ಟವನ ಈ ಉಪಾಯವನ್ನು ಕಂಡು ನಗಬೇಕೋ ಮರುಗಬೇಕೋ ನನಗೆ ತಿಳಿಯದು. ಕಾದಂಬರಿಕಾರ್ತಿ ಡೊರೊಥಿ ಸೇಯರ್ಸ್ ತಾನೇ ಸ್ಥಳಕ್ಕೆ ಬಂದು ನೋಡಿ ಹೋದಳು. ಪತ್ರಿಕೆಗಳು ದಿನಕ್ಕೊಂದು ಊಹೆಯನ್ನು ಅಚ್ಚಿಸಿದವು. ಜನರ ಸಂಶಯ ಮೆಲ್ಲಮೆಲ್ಲಗೆ ಗಂಡನ ಮೇಲೆ ತಿರುಗಿತು. ಹೆಂಡತಿ ತನಗೆ ಬರೆದಿಟ್ಟಿದ್ದ ಪತ್ರವನ್ನು ಅವನು ಓದಿ ಸುಟ್ಟುಬಿಟ್ಟಿದ್ದನೆಂಬುದು ಸಂಶಯಕ್ಕೆ ಇಂಬು ಕೊಟ್ಟಿತು.

ಇಷ್ಟರಲ್ಲಿ ಎಲ್ಲರ ಕಣ್ಣೆದುರಿಗೇ ಇದ್ದ ಸುಳಿವೊಂದನ್ನು ಯಾರೂ ಲಕ್ಷಿಸಲಿಲ್ಲ. ಮೈದುನ ಕ್ಯಾಂಪ್‌ಬೆಲ್ ಕ್ರಿಸ್ಟಿಗೆ ಆಕೆ ಒಂದು ಪತ್ರ ಬರೆದಿದ್ದಳು. ಆರೋಗ್ಯ ಸುಧಾರಿಸಿಕೊಳ್ಳಲು ಯಾರ್ಕ್‌ಷೈರಿನ ಒಂದು ಖನಿಜಜಲದ ಊರಿಗೆ ಹೋಗುತ್ತಿರುವುದಾಗಿ ಅದರಲ್ಲಿತ್ತು. ಪತ್ರ ಕಳೆದುಹೋದರೂ ಲಕೋಟೆ ಉಳಿದಿತ್ತು. ಅದರ ಮೇಲೆ ಶನಿವಾರ ಬೆಳಗಿನ ಲಂಡನ್ ಅಂಚೆಯ ಮುದ್ರೆ.

ಆಕೆ ಇದ್ದದ್ದೂ ಅಲ್ಲಿಯೇ. ಯಾರ್ಕ್‌ಷೈರಿನ ಹ್ಯಾರೊಗೇಟ್ ಎಂಬ ಊರಿನ ಸ್ವಾನ್ ಹೋಟೆಲಿಗೆ ಶನಿವಾರ ಸಂಜೆ ಬಂದು, ಕೇಪ್‌ಟೌನಿನ ಶ್ರೀಮತಿ ಟೆರೇಸಾ ನೀಲ್ ಎಂದು ದಾಖಲೆಪುಸ್ತಕದಲ್ಲಿ ಬರೆದು ಕೊಠಡಿ ಹಿಡಿದಿದ್ದಳು. ಗ್ರಂಥಾಲಯದಿಂದ ಪುಸ್ತಕ ತಂದು ಓದಿದಳು. ಇತರ ಅತಿಥಿಗಳೊಡನೆ ಬಿಲಿಯರ್ಡ್ಸ್ ಆಡಿದಳು. ಸಂಜೆಯ ವಾದ್ಯಗೋಷ್ಠಿಗೆ ಬಂದು ಕುಳಿತಳು. ಡಿಸೆಂಬರ್ 11ರ ಟೈಮ್ಸ್ ಪತ್ರಿಕೆಯಲ್ಲಿ, ದಕ್ಷಿಣ ಆಫ್ರಿಕದಿಂದ ಬಂದಿರುವ ಟೆರೇಸಾ ನೀಲಳ ಬಂಧುಮಿತ್ರರು ತನಗೆ ಕಾಗದ ಬರೆಯಬೇಕೆಂದು ಜಾಹೀರಾತನ್ನೂ ಕೊಟ್ಟಳು. ಅದೇ ವಾರ ದೇಶವೆಲ್ಲ ಅಗಾಥಾ ಕ್ರಿಸ್ಟಿಯನ್ನು ಹುಡುಕುತ್ತಿತ್ತು. ಇಲ್ಲಿ ಒಬ್ಬಾಕೆ ತನ್ನನ್ನು ಬಲ್ಲವರಿದ್ದರೆ ಬನ್ನಿರೆಂದು ಇಲ್ಲದ ಹೆಸರಿನಿಂದ ಕರೆಯುತ್ತಿದ್ದಳು. ಆ ಜಾಹೀರಾತನ್ನು ನೆನೆದಾಗಲೆಲ್ಲ ನನ್ನ ಎದೆ ಭಾರವಾಗುತ್ತದೆ.

ಕೊನೆಗೆ ಆಕೆಯನ್ನು ಗುರುತಿಸಿದವರು ಪತ್ತೇದಾರರಲ್ಲ, ಹೋಟೆಲಿನ ವಾದ್ಯಗಾರರು. ಅವರು ಪೋಲೀಸರಿಗೆ ತಿಳಿಸಿದರು. ಡಿಸೆಂಬರ್ 14ರ ಸಂಜೆ ಆರ್ಚಿಬಾಲ್ಡ್ ಬಂದು ಹೆಂಡತಿಯೆಂದು ಹೇಳಿದನು. ಹೊರಗೆ ಕಾದಿದ್ದ ವರದಿಗಾರರಿಗೆ, ಆಕೆಗೆ ಸ್ಮೃತಿ ತಪ್ಪಿದೆ, ತಾನಾರೆಂಬುದೇ ತಿಳಿಯದು ಎಂದು ತಿಳಿಸಿದವನೂ ಅವನೇ. ಇಬ್ಬರು ವೈದ್ಯರು ಪರೀಕ್ಷಿಸಿ ಅದನ್ನೇ ಸಮರ್ಥಿಸಿದರು.

ಜನ ನಂಬಲಿಲ್ಲ. ಪುಸ್ತಕ ಮಾರುವ ಹೂಟವೆಂದರು. ಹುಡುಕಾಟದ ವೆಚ್ಚದ ಪ್ರಶ್ನೆ ಪಾರ್ಲಿಮೆಂಟಿನವರೆಗೆ ಹೋಯಿತು. ಗಂಡನನ್ನು ಕೊಲೆಯ ಅಪವಾದಕ್ಕೆ ಸಿಕ್ಕಿಸಿ ಸೇಡು ತೀರಿಸಿಕೊಳ್ಳಲು ಹೀಗೆ ಮಾಡಿದಳೆಂದು ಬರೆದವರಿದ್ದಾರೆ. ವಿದ್ಯಾರ್ಥಿಯಾಗಿದ್ದಾಗ ನಾನೂ ಈ ಕೊನೆಯ ಮಾತನ್ನೇ ಮೆಚ್ಚಿದ್ದೆ. ಅದು ಆಕೆಯ ಕಾದಂಬರಿಗಳಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ! ಈಗ ಆ ಮೆಚ್ಚಿಕೆಗೆ ನಾಚಿಕೆಪಡುತ್ತೇನೆ. ಕೊಲೆಯ ಅಪವಾದ ಹೊರಿಸಬೇಕೆಂದಿದ್ದವಳು ತಾನು ಹೋಗುವ ಸೀಮೆಯ ಹೆಸರನ್ನು ಮೈದುನನಿಗೆ ಬರೆದು ಅಂಚೆಗೆ ಹಾಕುವುದಿಲ್ಲ. ಹಾಗೆಂದು ಆ ಲಕೋಟೆ ಮರೆವಿನ ಕಥೆಯನ್ನೂ ಸುಲಭಗೊಳಿಸುವುದಿಲ್ಲ. ಕಾರನ್ನು ಬಿಟ್ಟ ಮರುಬೆಳಿಗ್ಗೆಯೇ ಆ ಪತ್ರ ಲಂಡನಿನ ಅಂಚೆಯನ್ನು ಸೇರಿದೆಯಲ್ಲ!

1928ರಲ್ಲಿ ಆಕೆ ಒಂದೇ ಒಂದು ಸಲ ಪತ್ರಿಕೆಯೊಂದಕ್ಕೆ ಈ ವಿಷಯವನ್ನು ಹೇಳಿದಳು. ಆ ರಾತ್ರಿ ಸಾಯಬೇಕೆಂಬ ಯೋಚನೆಯಲ್ಲೇ ಅಲೆದುದು, ಗುಂಡಿಯನ್ನು ಕಂಡು ಚಕ್ರದಿಂದ ಕೈಬಿಟ್ಟುದು, ತಲೆಗೆ ಪೆಟ್ಟು ಬಿದ್ದುದು, ಆಮೇಲೆ ತಾನು ಶ್ರೀಮತಿ ನೀಲ್ ಎಂದೇ ನಂಬಿ ನಡೆದುದು: ಇಷ್ಟು. ಈ ಮಾತಿನಲ್ಲಿ ಎಷ್ಟು ಸ್ಮೃತಿ, ಎಷ್ಟು ಸಂಕೋಚ ಎಂದು ತೂಗುವ ತಕ್ಕಡಿ ಯಾರ ಬಳಿಯೂ ಇಲ್ಲ. ನನ್ನ ಮನಸ್ಸು ನಿಲ್ಲುವುದು ಆ ಹೆಸರಿನ ಹತ್ತಿರ. ಅಡಗಿಕೊಳ್ಳುವವಳಿಗೆ ಲೋಕದಲ್ಲಿ ಹೆಸರುಗಳಿಗೆ ಬರವಿರಲಿಲ್ಲ. ನೂರಾರು ಪಾತ್ರಗಳಿಗೆ ಹೆಸರಿಟ್ಟ ಕೈ ಅದು. ಅದು ಬರೆದದ್ದು ಗಂಡನು ಒಲಿದವಳ ಮನೆತನದ ಹೆಸರನ್ನು, ಗಂಡನೊಡನೆ ಸುಖವಾಗಿದ್ದ ಊರಿನ ಹೆಸರನ್ನು. ಕ್ರಿಸ್ಟಿಯಾಗಿ ಉಳಿಯಲಾರದವಳು ನೀಲಳಾಗಿ ಕೇಪ್‌ಟೌನಿನಿಂದ ಹೊಸದಾಗಿ ಬಂದಳೆಂದರೆ, ಇದು ಸೇಡಿನ ಗಣಿತವೆಂದು ನನಗೆ ತೋರುವುದಿಲ್ಲ.

ಮರೆವಿನ ಶಾಪ ಯಾರ ಮಾನವನ್ನು ಕಾಯಿತು? ಹೆಂಡತಿ ಏಕೆ ಮನೆ ಬಿಟ್ಟಳೆಂಬ ಪ್ರಶ್ನೆಯಿಂದ ಗಂಡನನ್ನು ಕಾಯಿತು. ನ್ಯಾನ್ಸಿಯ ಹೆಸರನ್ನು ಇನ್ನಷ್ಟು ಎಳೆದಾಡುವುದನ್ನು ತಡೆಯಿತು. ಅಮ್ಮ ತನ್ನನ್ನು ಬಿಟ್ಟುಹೋದಳೆಂದು ಕೊರಗಬಹುದಾದ ಮಗುವಿಗೂ ಒಂದು ಆಸರೆಯಾಯಿತು. ಆಕೆಯ ಪಾಲಿಗೆ ಮಾತ್ರ ಅದು ಜೀವನಪರ್ಯಂತ ಸಂಶಯವನ್ನು ತಂದಿತು. ಶಕುಂತಲೆಗಾದರೂ ಮೀನಿನ ಹೊಟ್ಟೆಯಿಂದ ಉಂಗುರ ಬಂದಿತು.

1928ರಲ್ಲಿ ವಿವಾಹ ವಿಚ್ಛೇದನವಾಯಿತು. ಆರ್ಚಿ ಅದೇ ವರ್ಷ ನ್ಯಾನ್ಸಿಯನ್ನು ಮದುವೆಯಾಗಿ, 1958ರಲ್ಲಿ ಆಕೆ ತೀರಿಕೊಳ್ಳುವವರೆಗೂ ಅವಳೊಡನೆ ಬಾಳಿದನು; ಅವನು ಸತ್ತದ್ದು 1962ರಲ್ಲಿ. ಅಗಾಥಾ ಓರಿಯಂಟ್ ಎಕ್ಸ್‌ಪ್ರೆಸ್ ರೈಲು ಹತ್ತಿ ಒಬ್ಬಳೇ ಬಾಗ್ದಾದಿಗೂ ಊರ್ ನಗರದ ಉತ್ಖನನದ ಸ್ಥಳಕ್ಕೂ ಹೋದಳು. ಅಲ್ಲಿಗೆ ಮತ್ತೆ ಹೋದಾಗ ಪರಿಚಯವಾದ ಪುರಾತತ್ತ್ವಜ್ಞ ಮ್ಯಾಕ್ಸ್ ಮ್ಯಾಲೋವನನನ್ನು 1930ರಲ್ಲಿ ವರಿಸಿದಳು. ಆತ ಆಕೆಗಿಂತ ಹದಿನಾಲ್ಕು ವರ್ಷ ಕಿರಿಯನು. ಆ ದಾಂಪತ್ಯ ಕೊನೆಯವರೆಗೆ ಬಾಳಿತು. ಅರವತ್ತಾರು ಪತ್ತೇದಾರಿ ಕಾದಂಬರಿಗಳು, 1952ರಲ್ಲಿ ರಂಗವೇರಿದ ಮೌಸ್‌ಟ್ರ್ಯಾಪ್ ನಾಟಕ, ಲೋಕದ ಕೀರ್ತಿ, ಇವೆಲ್ಲ ಪ್ರಸಿದ್ಧವೇ ಆಗಿವೆ. 1976ರ ಜನವರಿ 12ರಂದು ಆಕೆ ತೀರಿಕೊಂಡಳು.

ಅಷ್ಟಾಗಿ ತಿಳಿಯದ ಒಂದು ಪುಸ್ತಕವುಂಟು. 1934ರಲ್ಲಿ ಮೇರಿ ವೆಸ್ಟ್‌ಮ್ಯಾಕಟ್ ಎಂಬ ಗುಪ್ತನಾಮದಿಂದ ಬರೆದ ಅಪೂರ್ಣ ಚಿತ್ರವೆಂಬರ್ಥದ ಕಾದಂಬರಿ. ಅದರ ನಾಯಕಿಗೆ ತಾಯಿ ಸಾಯುತ್ತಾಳೆ, ಗಂಡ ಬಿಡುತ್ತಾನೆ, ಬದುಕು ಬೇಡವಾಗುತ್ತದೆ. ತನ್ನ ಹೆಸರಿನಲ್ಲಿ ಹೇಳಲಾರದ್ದನ್ನು ಇಲ್ಲಿಯೂ ಇನ್ನೊಂದು ಹೆಸರಿನಲ್ಲಿಯೇ ಹೇಳಿದಳು. ವೆಸ್ಟ್‌ಮ್ಯಾಕಟ್ ಯಾರೆಂಬುದು 1949ರಲ್ಲಿ ಬಯಲಾದಾಗ ಆಕೆಗೆ ಸಂತೋಷವಾಗಲಿಲ್ಲ.

ಆಕ್ರಾಯ್ಡ್ ಕಾದಂಬರಿಯ ರಹಸ್ಯವಿರುವುದು ನಿರೂಪಕನು ಹೇಳಿದ್ದರಲ್ಲಲ್ಲ, ಹೇಳದೆ ದಾಟಿಸಿದ ಕೆಲವು ನಿಮಿಷಗಳಲ್ಲಿ. ಓದದವರಿಗಾಗಿ ಇದಕ್ಕಿಂತ ಹೆಚ್ಚು ಹೇಳಲಾರೆ. ಆ ವಿದ್ಯೆಯನ್ನು ಕಲಿಸಿದವಳ ಆತ್ಮಕಥೆ, ಆಕೆ ಸತ್ತ ಮರುವರ್ಷ, 1977ರಲ್ಲಿ, ಹೊರಬಂದಾಗ ಎಷ್ಟೋ ಮಂದಿ ಮೊದಲು ತೆರೆದದ್ದು 1926ರ ಪುಟಗಳನ್ನೇ ಇರಬೇಕು. ನಾನೂ ಗ್ರಂಥಾಲಯದಲ್ಲಿ ನಿಂತೇ ಅದನ್ನು ಮಾಡಿದೆನು. ತಾಯಿಯ ಸಾವು ಇದೆ, ಆಷ್‌ಫೀಲ್ಡಿನ ಪೆಟ್ಟಿಗೆಗಳಿವೆ, ಚೆಕ್ಕಿನ ಮೇಲಿನ ತಪ್ಪು ಹೆಸರಿದೆ, ಗಂಡನ ಮಾತು ಇದೆ. ಹ್ಯಾರೊಗೇಟ್ ಇಲ್ಲ. ಮುಂದೆ ಮಗಳನ್ನೂ ಕಾರ್ಯದರ್ಶಿಯನ್ನೂ ಕರೆದುಕೊಂಡು ಕ್ಯಾನರಿ ದ್ವೀಪಗಳಿಗೆ ಹೋಗಿದ್ದಾಳೆ. ಹಣ ಬೇಕಾಗಿತ್ತಾದ್ದರಿಂದ, ಮನಸ್ಸಿಲ್ಲದ ಮನಸ್ಸಿನಿಂದ, ಒಂದು ಕಾದಂಬರಿಯನ್ನು ಹೇಳಿ ಬರೆಸುತ್ತಿದ್ದಾಳೆ.