ತಾಳೆಗರಿಯ ಕಟ್ಟು ಬಿಚ್ಚಿದ ಶಾಮಾಶಾಸ್ತ್ರಿಗಳು



ಚಾಣಕ್ಯನ ಹೆಸರು ನಮಗೆಲ್ಲ ಸಮಾಜ ಪಾಠದಿಂದ ಗೊತ್ತು. ಅವನನ್ನೇ ಕೌಟಿಲ್ಯ ಅಂತಲೂ ಕರೀತಾರೆ. ಅವನ ಅರ್ಥಶಾಸ್ತ್ರದ ಹೆಸರು ಹಳೆಯ ಗ್ರಂಥಗಳಲ್ಲಿತ್ತು. ಆದರೆ ಪುಸ್ತಕವೇ ಕಳೆದುಹೋಯ್ತು ಅಂತ ವಿದ್ವಾಂಸರು ತಿಳಿದಿದ್ದರು. ಅದು ಸಿಕ್ಕಿದ್ದು ಎಲ್ಲಿ ಗೊತ್ತಾ? ನಮ್ಮ ಮೈಸೂರಿನಲ್ಲಿ! ಅದನ್ನು ಗುರುತಿಸಿದವರು ಆರ್. ಶಾಮಾಶಾಸ್ತ್ರಿಗಳು.

ಶಾಸ್ತ್ರಿಗಳು 1868ರಲ್ಲಿ ಕಾವೇರಿ ದಂಡೆಯ ರುದ್ರಪಟ್ಟಣದಲ್ಲಿ ಹುಟ್ಟಿದರು. ಅದು ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿ. ಮೈಸೂರಿಗೆ ಹೋಗಿ ಸಂಸ್ಕೃತ ಕಲಿತರು. ಅಷ್ಟಕ್ಕೇ ನಿಲ್ಲಲಿಲ್ಲ, 1889ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಬಿ.ಎ. ಪದವಿಯನ್ನೂ ಪಡೆದರು.

1891ರಲ್ಲಿ ಮಹಾರಾಜ ಚಾಮರಾಜೇಂದ್ರ ಒಡೆಯರು ಮೈಸೂರಿನಲ್ಲಿ ಓರಿಯಂಟಲ್ ಲೈಬ್ರರಿ ಸ್ಥಾಪಿಸಿದರು. ಊರೂರಿನ ಓಲೆಗರಿಗಳನ್ನು ಕೂಡಿಸಿ ಕಾಪಾಡುವುದೇ ಅದರ ಕೆಲಸ. ಓಲೆಗರಿ ಅಂದ್ರೆ ತಾಳೆ ಎಲೆ. ಕಬ್ಬಿಣದ ಕಂಟದಿಂದ ಅಕ್ಷರ ಕೊರೆದು, ಮೇಲೆ ಮಸಿ ತೀಡ್ತಾರೆ. ತೂತಿಗೆ ದಾರ ಪೋಣಿಸಿ ಕಟ್ಟುತ್ತಾರೆ. ಹುಳ ಹಿಡಿದರೆ, ನೀರು ಬಿದ್ದರೆ ಮುಗೀತು. ಶಾಸ್ತ್ರಿಗಳು ಈ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿದರು.

ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಒಂದು ಕಟ್ಟನ್ನು ಲೈಬ್ರರಿಗೆ ಕೊಟ್ಟಿದ್ದರು. ಭಾಷೆ ಸಂಸ್ಕೃತ, ಲಿಪಿ ಗ್ರಂಥ. 1905ರಲ್ಲಿ ಶಾಸ್ತ್ರಿಗಳು ಅದನ್ನು ಓದಿ ನೋಡಿದರೆ, ಅದೇ ಅರ್ಥಶಾಸ್ತ್ರ! ಹದಿನೈದು ಅಧಿಕರಣಗಳ ದೊಡ್ಡ ಗ್ರಂಥ. ಕಂದಾಯ, ಗಣಿ, ತೂಕ-ಅಳತೆ, ಆನೆ, ಗೂಢಚಾರರು, ಹೀಗೆ ರಾಜ್ಯ ನಡೆಸುವ ವಿಷಯವೆಲ್ಲ ಅದರಲ್ಲಿತ್ತು.

ಸಿಕ್ಕಿದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಗರಿ ಗರಿ ಓದಿ 1909ರಲ್ಲಿ ಸಂಸ್ಕೃತ ಮೂಲವನ್ನು ಅಚ್ಚು ಹಾಕಿಸಿದರು. 1915ರಲ್ಲಿ ಇಂಗ್ಲಿಷ್ ಅನುವಾದವೂ ಪುಸ್ತಕವಾಗಿ ಬಂತು. ಹಳೇ ಕಾಲದ ಭಾರತೀಯರಿಗೆ ರಾಜ್ಯಾಡಳಿತದ ವಿಚಾರ ತಿಳಿದಿರಲಿಲ್ಲ ಎನ್ನುತ್ತಿದ್ದವರು ಬಾಯಿ ಮುಚ್ಚಬೇಕಾಯ್ತು. ಮುಂದೆ ಬೇರೆ ಕಡೆಯೂ ಪ್ರತಿಗಳು ಸಿಕ್ಕವು. ಆದರೆ ಮೊದಲು ದಾರಿ ತೋರಿಸಿದ್ದು ಮೈಸೂರಿನ ಕಟ್ಟು.

ಶಾಸ್ತ್ರಿಗಳು ಆಮೇಲೆ ಬೆಂಗಳೂರಿನ ಸಂಸ್ಕೃತ ಕಾಲೇಜಿನ ಪ್ರಾಂಶುಪಾಲರಾದರು. ಮೈಸೂರು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯ ನಿರ್ದೇಶಕರಾಗಿ ಶಾಸನಗಳನ್ನೂ ಓದಿದರು. 1944ರಲ್ಲಿ ತೀರಿಕೊಂಡರು. ಆ ಲೈಬ್ರರಿ ಈಗ ಮೈಸೂರು ವಿಶ್ವವಿದ್ಯಾನಿಲಯದ ಪ್ರಾಚ್ಯವಿದ್ಯಾ ಸಂಶೋಧನಾಲಯವಾಗಿದೆ. ಅಲ್ಲಿ ಇಂದಿಗೂ ಗರಿಗಳಿಗೆ ಮಜ್ಜಿಗೆ ಹುಲ್ಲಿನ ಎಣ್ಣೆ ಸವರಿ ಕಾಪಾಡುತ್ತಾರೆ.

ಆ ಪಂಡಿತರ ಮನೆಯಲ್ಲಿ ಯಾರಾದರೂ ಆ ಕಟ್ಟನ್ನು ಹಳೇ ಕಸ ಅಂತ ಒಲೆಗೆ ಹಾಕಿದ್ದರೆ? ನಮ್ಮೂರಿನ ಅಟ್ಟದ ಮೇಲೂ, ಹಳೇ ಪೆಟ್ಟಿಗೆಯಲ್ಲೂ ಇಂಥ ಗರಿಗಳು ಇರಬಹುದು. ಕಂಡರೆ ಎಸೆಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಮೊದಲು ನಮ್ಮ ಮೇಷ್ಟ್ರಿಗೆ ತೋರಿಸಿ.