ಏರೋಪ್ಲೇನ್ ಚಿಟ್ಟೆಗೆ ಕೊಡಗಿನ ಹೆಸರಿಟ್ಟ ಡಾಕ್ಟರ್: ಯಾರು ಈ ಫ್ರೇಸರ್?

ಮಳೆಗಾಲದಲ್ಲಿ ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದ ಕಡೆ ಹೋದರೆ ಹೊಲದ ಮೇಲೆ, ಹಳ್ಳದ ದಂಡೆಗೆ ಏರೋಪ್ಲೇನ್ ಚಿಟ್ಟೆಗಳು ಹಾರಾಡುವುದು ಕಾಣುತ್ತದೆ. ಚಿಕ್ಕವರಿದ್ದಾಗ ಅದರ ಬಾಲಕ್ಕೆ ದಾರ ಕಟ್ಟಿ ಹಾರಿಸಿದವರಲ್ಲಿ ನಾವೂ ಇದ್ದೇವೆ. ಪಾಪ, ಅದಕ್ಕೆ ಕುಟುಕುವ ಮುಳ್ಳೂ ಇಲ್ಲ, ವಿಷವೂ ಇಲ್ಲ.

ಬೆಟ್ಟದ ಹೊಳೆಯಲ್ಲಿ ಹೊಸ ಕೀಟ ಪತ್ತೆ ಎಂಬ ಫಾರ್ವರ್ಡ್ ಬಂದರೆ, ಆ ಹುಳ ಈಗಷ್ಟೇ ಹುಟ್ಟಿಕೊಂಡಿದೆ ಎಂದು ಹಲವರು ಭಾವಿಸುತ್ತಾರೆ. ಹಾಗಲ್ಲ. ಅದು ಸಾವಿರಾರು ವರ್ಷಗಳಿಂದ ಅಲ್ಲೇ ಇತ್ತು. ಯಾರೂ ಅದನ್ನು ಬೇರೆ ಜಾತಿ ಎಂದು ಗುರುತಿಸಿ, ವಿವರ ಬರೆದು ಹೆಸರಿಟ್ಟಿರಲಿಲ್ಲ, ಅಷ್ಟೇ. ಪಶ್ಚಿಮ ಘಟ್ಟದಲ್ಲಿ ಈ ಕೆಲಸವನ್ನು ಅತಿ ಹೆಚ್ಚು ಮಾಡಿದವರಲ್ಲಿ ಒಬ್ಬರು ಫ್ರೆಡರಿಕ್ ಚಾರ್ಲ್ಸ್ ಫ್ರೇಸರ್.

ಇಂಗ್ಲೆಂಡಿನಲ್ಲಿ 1880ರಲ್ಲಿ ಹುಟ್ಟಿದ ಫ್ರೇಸರ್ ಓದಿದ್ದು ವೈದ್ಯಕೀಯ. ಇಂಡಿಯನ್ ಮೆಡಿಕಲ್ ಸರ್ವಿಸ್‌ನಲ್ಲಿ ಲೆಫ್ಟಿನೆಂಟ್ ಕರ್ನಲ್ ಆಗಿದ್ದರು. ಕೀಟಗಳ ಹುಚ್ಚು ಮಾತ್ರ ನೌಕರಿಯ ಆಚೆಗಿನದು.

ಅವರಿಗಿಂತ ಮೊದಲು ಭಾರತದ ಎಷ್ಟೋ ಏರೋಪ್ಲೇನ್ ಚಿಟ್ಟೆಗಳಿಗೆ ಹೆಸರಿಟ್ಟವರು ಯುರೋಪಿನಲ್ಲೇ ಕುಳಿತ ಪಂಡಿತರು. ಬೆಲ್ಜಿಯಂನ ಸೆಲಿಸ್ ಲಾಂಗ್‌ಶಾಂ ಅವರಲ್ಲಿ ಪ್ರಮುಖರು. ಅವರ ಕೈಗೆ ಬರುತ್ತಿದ್ದುದು ಒಣಗಿದ ಹುಳಗಳು. ಇಲ್ಲೊಂದು ತೊಡಕಿದೆ: ಈ ಕೀಟ ಸತ್ತ ಮೇಲೆ ಕಣ್ಣಿನ ಬಣ್ಣ ಮಾಸಿಹೋಗುತ್ತದೆ, ಮೈಬಣ್ಣವೂ ಎಷ್ಟೋ ಸಲ ಉಳಿಯುವುದಿಲ್ಲ. ಫ್ರೇಸರ್ ಕೊಡಗು, ನೀಲಗಿರಿಯ ತೊರೆಗಳಿಗೆ ತಾವೇ ಹೋದರು. ಯಾವುದು ಬಂಡೆಯ ಮೇಲೆ ಕೂರುತ್ತದೆ, ಯಾವುದು ನೆರಳಲ್ಲೇ ಇರುತ್ತದೆ ಎಂಬುದನ್ನೂ ಬರೆದಿಟ್ಟರು.

ಬಣ್ಣ ನೋಡಿದರೆ ಮಾತ್ರ ಜಾತಿ ತೀರ್ಮಾನ ಆಗುವುದಿಲ್ಲ. ರೆಕ್ಕೆಯ ನರಗಳ ಜಾಲ ಹೇಗಿದೆ, ಹೆಣ್ಣನ್ನು ಹಿಡಿಯಲು ಗಂಡಿನ ಬಾಲದ ತುದಿಯಲ್ಲಿರುವ ಇಕ್ಕಳದಂಥ ಅಂಗ ಯಾವ ಆಕಾರದಲ್ಲಿದೆ ಎಂದು ನೋಡಬೇಕು. ಹೀಗೆ ಗುರುತಿಸಿದ ಒಂದು ಕಪ್ಪು ಹಳದಿ ಕೀಟಕ್ಕೆ 1923ರಲ್ಲಿ ಅವರು ಇಟ್ಟ ಹೆಸರು ಗೊಂಫಿಡಿಯಾ ಕೊಡಗುಯೆನ್ಸಿಸ್. ಬ್ರಿಟಿಷರು ಕೂರ್ಗ್ ಎನ್ನುತ್ತಿದ್ದ ಕಾಲದಲ್ಲಿ ಕೊಡಗು ಎಂಬ ನಮ್ಮ ಮಾತೇ ವಿಜ್ಞಾನದ ಪುಸ್ತಕ ಸೇರಿತು. ನಮಗಂತೂ ಇದು ಖುಷಿಯ ಸಂಗತಿ.

ಅಂದಹಾಗೆ, ಕುಶಾಲನಗರದ ಹಳೆಯ ಹೆಸರು ಫ್ರೇಸರ್‌ಪೇಟೆ. ಅದಕ್ಕೂ ಈ ಡಾಕ್ಟರಿಗೂ ಸಂಬಂಧವಿಲ್ಲ. 1834ರ ಹೊತ್ತಿಗೆ ಕೊಡಗಿನಲ್ಲಿದ್ದ ಅಧಿಕಾರಿ ಜೇಮ್ಸ್ ಸ್ಟುವರ್ಟ್ ಫ್ರೇಸರ್ ಹೆಸರು ಅದು. ಆಗ ನಮ್ಮ ಫ್ರೇಸರ್ ಹುಟ್ಟಿಯೇ ಇರಲಿಲ್ಲ.

1918ರಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ವರ್ಷಗಟ್ಟಲೆ ಲೇಖನಮಾಲೆ ಬರೆದರು. 1933, 1934 ಮತ್ತು 1936ರಲ್ಲಿ ಫಾನಾ ಆಫ್ ಬ್ರಿಟಿಷ್ ಇಂಡಿಯಾ ಮಾಲೆಯ ಮೂರು ಸಂಪುಟ ಬಂದವು. ಅವರ ಎಲ್ಲ ತೀರ್ಮಾನವೂ ಉಳಿದಿಲ್ಲ. ಬೇರೆ ಜಾತಿ ಎಂದ ಕೆಲವು ಒಂದೇ ಎಂದು ಆಮೇಲೆ ಗೊತ್ತಾಗಿದೆ. 77ನೇ ವಯಸ್ಸಿನಲ್ಲಿ, 1957ರಲ್ಲಿ, ಇಡೀ ಗುಂಪಿನ ವರ್ಗೀಕರಣವನ್ನೇ ಹೊಸದಾಗಿ ಬರೆದರು. 1963ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡರು.

ಆ ಸಂಪುಟಗಳು ಇಂದಿಗೂ ಬೇಕು. ಕೇರಳದ ಪೊನ್ಮುಡಿ ಬೆಟ್ಟದ ಪ್ರೊಟೊಸ್ಟಿಕ್ಟಾ ಪೊನ್ಮುಡಿಯೆನ್ಸಿಸ್‌ಗೆ 2015ರಲ್ಲಷ್ಟೇ ಹೆಸರು ಸಿಕ್ಕಿತು. ಇಂಥದ್ದು ಹೊಸದು ಎನ್ನಬೇಕಾದರೆ ಹಳೆಯ ವಿವರಣೆಗಳ ಜೊತೆ ಹೋಲಿಸಲೇಬೇಕು. ಅವಸರವೂ ಇದೆ. ಈ ಕೀಟಗಳ ಮರಿಗಳು ಬೆಳೆಯುವುದು ನೀರಿನೊಳಗೆ. ತೊರೆ ಬತ್ತಿದರೆ, ಕೀಟನಾಶಕ ಹರಿದು ಬಂದರೆ, ಹೆಸರು ಸಿಗುವ ಮೊದಲೇ ಒಂದು ಜಾತಿ ಇಲ್ಲವಾಗಬಹುದು.

ಮುಂದಿನ ಸಲ ಹೊಸ ಕೀಟದ ಫೋಟೊ ಬಂದರೆ ವೈಜ್ಞಾನಿಕ ಹೆಸರನ್ನು ಹುಡುಕಿ ನೋಡಿ. ಅದರ ಪಕ್ಕದಲ್ಲಿ ಮೊದಲು ವಿವರಿಸಿದವರ ಹೆಸರು, ಇಸವಿ ಇರುತ್ತದೆ. ಅಲ್ಲಿ ಫ್ರೇಸರ್, 1924 ಎಂದಿದ್ದರೆ ಆ ಸುದ್ದಿಗೆ ನೂರು ವರ್ಷ ದಾಟಿದೆ.