ವೈಮಾನಿಕನ ಹಲವು ದಾರಿಗಳು: ದಿವಂಗತ ಜೆ. ಆರ್. ಡಿ. ಟಾಟಾ ಅವರ ಜೀವನ

ಕುರ್ಲಾ, ಸಾಂತಾಕ್ರೂಜ್, ವಿಲೇಪಾರ್ಲೆಗಳ ಹೋಟೆಲುಗಳಲ್ಲಿ ದುಡಿಯುತ್ತಿರುವ ನಮ್ಮ ಬಂಧುಗಳಿಗೆ ವಿಮಾನದ ಸದ್ದು ಊರಿನ ಕೋಳಿಯ ಕೂಗಿನಷ್ಟೇ ಪರಿಚಿತವಾದುದು. ನಸುಕಿನಲ್ಲಿ ಇಡ್ಲಿಯ ಪಾತ್ರೆಯನ್ನು ಒಲೆಗೇರಿಸುವಾಗಲೂ, ರಾತ್ರಿ ಗಲ್ಲಾದ ಲೆಕ್ಕ ಮುಗಿಸಿ ಬಾಗಿಲು ಹಾಕುವಾಗಲೂ ಅದು ತಲೆಯ ಮೇಲೆ ಹಾದುಹೋಗುತ್ತಲೇ ಇರುತ್ತದೆ. ಹೀಗಿರುವಲ್ಲಿ ನಮ್ಮವರ ಮನೆಯ ಹುಡುಗನೊಬ್ಬನು ತಾನು ವೈಮಾನಿಕನಾಗಬೇಕೆಂದು ಹಟ ಹಿಡಿದರೆ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಆದರೆ ತಂದೆಯ ಮನಸ್ಸಿನಲ್ಲಿ ಏಳುವ ಪ್ರಶ್ನೆಯೇ ಬೇರೆ. ಸಾಲ ತೆಗೆದು, 200 ಗಂಟೆ ಹಾರಿ, ಪರವಾನಗಿ ಪಡೆದ ಮೇಲೂ ಕೆಲಸ ಸಿಕ್ಕದಿದ್ದರೆ ಗತಿಯೇನು? ಸಿಕ್ಕಿದ ಕೆಲಸವು ವೈದ್ಯರ ಒಂದು ಪರೀಕ್ಷೆಯಲ್ಲಿ ಸೋತ ಮಾತ್ರಕ್ಕೆ ಕೈಬಿಟ್ಟುಹೋದರೆ ಆಮೇಲೆ ದಾರಿ ಯಾವುದು?

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಾವು ಇಂದು ಒಬ್ಬ ಮಹನೀಯರ ಜೀವನವನ್ನು ವಾಚಕರಿಗೆ ಹೇಳಬಯಸುತ್ತೇವೆ. ಭಾರತದಲ್ಲಿ ವೈಮಾನಿಕ ಪರವಾನಗಿಯನ್ನು ಎಲ್ಲರಿಗಿಂತ ಮೊದಲು ಪಡೆದವರು ಅವರೇ. ಅವರು ಉದ್ಯಮಪತಿಯಾಗಿ ಪ್ರಸಿದ್ಧರು. ಆದರೆ ಅವರ ಬಾಳನ್ನು ಆಕಾಶದ ಕಡೆಯಿಂದ ನೋಡಿದರೆ ಹೊಸದೊಂದು ಪಾಠ ದೊರಕುವುದೆಂದು ನಮ್ಮ ನಂಬಿಕೆ.

ಜೆಹಾಂಗೀರ್ ರತನ್‌ಜಿ ದಾದಾಭಾಯಿ ಟಾಟಾ ಅವರು 1904ನೆಯ ಇಸವಿ ಜುಲೈ 29ರಂದು ಪ್ಯಾರಿಸ್ ನಗರದಲ್ಲಿ ಜನಿಸಿದರು. ತಂದೆ ಪಾರ್ಸಿ, ತಾಯಿ ಫ್ರೆಂಚ್ ಮಹಿಳೆ. ಬೇಸಗೆಯ ದಿನಗಳಲ್ಲಿ ಕುಟುಂಬವು ಫ್ರಾನ್ಸಿನ ಹಾರ್ಡೆಲೋ ಎಂಬ ಕಡಲ ತೀರದಲ್ಲಿ ತಂಗುತ್ತಿತ್ತು. ಇಂಗ್ಲಿಷ್ ಕಡಲ್ಗಾಲುವೆಯನ್ನು 1909ರಲ್ಲಿ ವಿಮಾನದಲ್ಲಿ ಮೊತ್ತಮೊದಲು ದಾಟಿದ ಬ್ಲೇರಿಯೋ ಅವರ ಕುಟುಂಬವೂ ಅಲ್ಲಿಯೇ ನೆರೆಯಲ್ಲಿತ್ತು. ಬಾಲಕನು ಅಲ್ಲಿ ವಿಮಾನಗಳನ್ನು ಕಣ್ಣಾರೆ ಕಂಡನು. ಹದಿನೈದರ ಪ್ರಾಯದಲ್ಲಿ ಒಂದು ಸಲ ಏರಿ ಹಾರಿಯೂ ಬಂದನು. ಅಂದೇ ಅವನ ಮನಸ್ಸು ನಿಶ್ಚಯವಾಯಿತು.

ಮನಸ್ಸು ನಿಶ್ಚಯವಾದರೂ ಬಾಳು ಬೇರೆ ಕಡೆಗೆ ಎಳೆಯಿತು. ಕೇಂಬ್ರಿಜ್‌ನಲ್ಲಿ ಎಂಜಿನಿಯರಿಂಗ್ ಕಲಿಯಬೇಕೆಂದಿದ್ದ ತರುಣನನ್ನು ತಂದೆಯವರು 1925ರಲ್ಲಿ ಮುಂಬಯಿಗೆ ಕರೆಸಿ, ಸಂಬಳವಿಲ್ಲದ ಉಮೇದುವಾರನಾಗಿ ಕಚೇರಿಯಲ್ಲಿ ಕೂಡಿಸಿದರು. ಮರು ವರ್ಷವೇ ತಂದೆ ತೀರಿಕೊಂಡು ಕುಟುಂಬದ ಭಾರ ಹೆಗಲಿಗೆ ಬಿತ್ತು. ವಿಶ್ವವಿದ್ಯಾಲಯದ ಮೆಟ್ಟಲನ್ನು ಏರಲಾಗಲಿಲ್ಲವೆಂಬ ಕೊರಗು ಅವರಿಗೆ ಕೊನೆಯ ತನಕ ಇತ್ತು. ಹಗಲು ಕಚೇರಿ ಮುಗಿಸಿ ರಾತ್ರಿ ಪುಸ್ತಕ ಹಿಡಿದು ತಾವೇ ಕಲಿತರು. ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ನಮ್ಮವರಿಗೆ ಈ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

1928ರಲ್ಲಿ ಜುಹುವಿನ ಬಯಲಿನಲ್ಲಿ ಮುಂಬಯಿ ಫ್ಲೈಯಿಂಗ್ ಕ್ಲಬ್ ಆರಂಭವಾಯಿತು. ಟಾಟಾ ಅವರು ಕೂಡಲೇ ಅಲ್ಲಿಗೆ ಧಾವಿಸಿದರು. ಶಿಕ್ಷಕರೊಡನೆ ಸುಮಾರು ಮೂರೂವರೆ ಗಂಟೆ ಹಾರಿದ ಮೇಲೆ ಒಬ್ಬರೇ ವಿಮಾನವನ್ನು ಏರಿಸಿ ಇಳಿಸಿದರು. 1929ರ ಫೆಬ್ರವರಿ 10ರಂದು ಅವರ ಕೈಸೇರಿದ ಪರವಾನಗಿಯ ಮೇಲಿದ್ದ ಸಂಖ್ಯೆ 1. ಬಾಳಿನಲ್ಲಿ ಪಡೆದ ಮನ್ನಣೆಗಳ ನಡುವೆ ಆ ಚಿಕ್ಕ ಪುಸ್ತಕದಷ್ಟು ಅವರಿಗೆ ಪ್ರಿಯವಾದದ್ದು ವಿರಳ.

ಮರು ವರ್ಷ ನಡೆದ ಒಂದು ಪಂದ್ಯವನ್ನು ವಾಚಕರು ಗಮನವಿಟ್ಟು ನೋಡಬೇಕು. ಇಂಗ್ಲೆಂಡು ಮತ್ತು ಭಾರತಗಳ ನಡುವೆ ಒಂದು ತಿಂಗಳೊಳಗೆ ಒಂಟಿಯಾಗಿ ಹಾರಿದ ಮೊದಲ ಭಾರತೀಯನಿಗೆ 500 ಪೌಂಡುಗಳ ಬಹುಮಾನವನ್ನು ಆಗಾಖಾನರು ಸಾರಿದ್ದರು. ಮೂವರು ತರುಣರು ಕಣಕ್ಕಿಳಿದರು. ಟಾಟಾ ಅವರು ಕರಾಚಿಯಿಂದ ಪಶ್ಚಿಮಕ್ಕೆ ಹೊರಟರು. ಹದಿನೇಳು ವರ್ಷದ ಆಸ್ಪಿ ಎಂಜಿನಿಯರ್ ಮತ್ತು ಮನಮೋಹನ ಸಿಂಗ್ ಅವರು ಇಂಗ್ಲೆಂಡಿನಿಂದ ಪೂರ್ವಕ್ಕೆ ಹೊರಟರು. ಈಜಿಪ್ಟಿನ ಅಬೂಕೀರ್ ಎಂಬಲ್ಲಿ ಇಳಿದಾಗ ಟಾಟಾ ಅವರಿಗೆ ಆಸ್ಪಿ ಕಂಡರು. ವಿಮಾನದ ಸ್ಪಾರ್ಕ್ ಪ್ಲಗ್ ಕೆಟ್ಟು, ಬದಲಿಯಿಲ್ಲದೆ ಆ ಹುಡುಗ ಕೈಕಟ್ಟಿ ನಿಂತಿದ್ದನು. ಎದುರಾಳಿಯೆಂದು ಎಣಿಸದೆ ಟಾಟಾ ಅವರು ತಮ್ಮಲ್ಲಿದ್ದ ಹೆಚ್ಚಿನ ಪ್ಲಗ್ಗನ್ನು ಕೊಟ್ಟರು. ಆಸ್ಪಿ ಕೆಲವೇ ಗಂಟೆಗಳ ಅಂತರದಿಂದ ಗೆದ್ದರು; ಕೊಟ್ಟವರು ಸೋತರು. ಮನಮೋಹನ ಸಿಂಗ್ ಅವರು ಅವಧಿ ಮೀರಿ ತಲುಪಿದ್ದರಿಂದ ಬಹುಮಾನಕ್ಕೆ ಎರವಾದರು.

ಒಂದೇ ಪಂದ್ಯದಲ್ಲಿ ಹಾರಿದ ಈ ಮೂವರ ಮುಂದಿನ ದಾರಿಗಳು ಎಷ್ಟು ಭಿನ್ನವಾದುವು! ಆಸ್ಪಿ ಎಂಜಿನಿಯರ್ ವಾಯುಪಡೆಯನ್ನು ಸೇರಿ, ಬೆಂಗಳೂರಿನ ಹಿಂದುಸ್ತಾನ್ ವಿಮಾನ ಕಾರ್ಖಾನೆಯ ಆಡಳಿತವನ್ನೂ ನಡೆಸಿ, 1960ರಿಂದ 1964ರವರೆಗೆ ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು. ಮನಮೋಹನ ಸಿಂಗ್ ಅವರು ಯುದ್ಧಕಾಲದಲ್ಲಿ ವಾಯುದಳದ ಅಧಿಕಾರಿಯಾಗಿ ಹಾರಾಡಿ, 1942ರ ಮಾರ್ಚಿಯಲ್ಲಿ ಆಸ್ಟ್ರೇಲಿಯಾದ ಬ್ರೂಮ್ ಬಂದರಿನ ಮೇಲೆ ಜಪಾನೀಯರು ನಡೆಸಿದ ದಾಳಿಯಲ್ಲಿ ವೀರಮರಣವನ್ನಪ್ಪಿದರು. ಟಾಟಾ ಅವರು ಹಿಡಿದದ್ದು ಅಂಚೆಯ ದಾರಿ.

ಆ ದಾರಿಯನ್ನು ತೋರಿಸಿದವರು ನೆವಿಲ್ ವಿನ್‌ಸೆಂಟ್ ಎಂಬವರು. ಬ್ರಿಟಿಷ್ ವಾಯುಪಡೆಯಿಂದ ಹೊರಬಂದ ವೈಮಾನಿಕನಿಗೆ ಆ ಕಾಲದಲ್ಲಿ ಸಿದ್ಧವಾಗಿ ಕಾದಿರುವ ಕೆಲಸವಾವುದೂ ಇರಲಿಲ್ಲ. ವಿನ್‌ಸೆಂಟ್ ಅವರು ಹಳೆಯ ವಿಮಾನದೊಡನೆ ಭಾರತದ ಊರೂರು ಸುತ್ತಿ, ಹಣ ತೆತ್ತವರನ್ನು ಹತ್ತಿಸಿಕೊಂಡು ಹಾರಿಸಿ ಹೊಟ್ಟೆ ಹೊರೆದರು. ಹೀಗೆ ತಿರುಗುವಾಗಲೇ ಅವರಿಗೆ ಒಂದು ಯೋಚನೆ ಹೊಳೆಯಿತು. ಲಂಡನ್ನಿನಿಂದ ವಿಮಾನದಲ್ಲಿ ಬರುವ ಅಂಚೆಯು ಕರಾಚಿಯಲ್ಲಿ ನಿಲ್ಲುತ್ತದೆ. ಅದನ್ನು ಮುಂಬಯಿ, ಮದ್ರಾಸುಗಳಿಗೆ ವಿಮಾನದಲ್ಲಿಯೇ ಮುಟ್ಟಿಸಿದರೆ ಹೇಗೆ? ಅವರು ಈ ಯೋಜನೆಯನ್ನು ಟಾಟಾ ಅವರ ಮುಂದಿಟ್ಟರು. ಹಿರಿಯರಾದ ಸರ್ ದೋರಾಬ್ ಟಾಟಾ ಮೊದಲು ಹಿಂಜರಿದರು. ಜಾನ್ ಪೀಟರ್ಸನ್ ಎಂಬ ನಿರ್ದೇಶಕರು ತಿಳಿಹೇಳಿದ ಮೇಲೆ ಸುಮಾರು 2 ಲಕ್ಷ ರೂಪಾಯಿಗಳ ಬಂಡವಾಳಕ್ಕೆ ಒಪ್ಪಿದರು. ಸರಕಾರದಿಂದ ಸಹಾಯಧನ ದೊರಕಲಿಲ್ಲ. ಸಾಗಿಸಿದ ಅಂಚೆಗೆ ಮಾತ್ರ ಕೂಲಿ.

1932ರ ಅಕ್ಟೋಬರ್ 15ರಂದು ಮುಂಜಾನೆ ಟಾಟಾ ಅವರು ಒಂದೇ ಎಂಜಿನಿನ ಪುಸ್ ಮಾತ್ ವಿಮಾನದಲ್ಲಿ ಅಂಚೆಯ ಚೀಲಗಳನ್ನಿರಿಸಿಕೊಂಡು ಕರಾಚಿಯಿಂದ ಹೊರಟರು. ದಾರಿ ತೋರಿಸಲು ರೇಡಿಯೋ ಇರಲಿಲ್ಲ. ಅಹಮದಾಬಾದಿನಲ್ಲಿ ಇಳಿದಾಗ ಪೆಟ್ರೋಲಿನ ಡಬ್ಬಿಗಳು ಬಂದದ್ದು ಎತ್ತಿನ ಗಾಡಿಯಲ್ಲಿ. ಮಧ್ಯಾಹ್ನ ಎರಡು ಗಂಟೆಯ ಒಳಗಾಗಿ ಅವರು ಜುಹುವಿನಲ್ಲಿ ಇಳಿದರು. ಅಲ್ಲಿಂದ ಅಂಚೆಯನ್ನು ವಿನ್‌ಸೆಂಟ್ ಅವರು ವಹಿಸಿಕೊಂಡು ಬಳ್ಳಾರಿಗೆ ಹಾರಿದರು. ಮರುದಿನ ಮದ್ರಾಸನ್ನು ಸೇರಿದರು. ಟಾಟಾ ಅವರ ಈ ಮೊದಲನೆಯ ವಿಮಾನ ಅಂಚೆಯ ಹಾದಿ ನಮ್ಮ ಕನ್ನಡದ ಬಳ್ಳಾರಿಯನ್ನು ಮುಟ್ಟಿ ಹೋಯಿತೆಂಬುದನ್ನು ನಾವು ಅಭಿಮಾನದಿಂದ ನೆನೆಯಬಹುದು.

ಜುಹುವಿನಲ್ಲಿ ಆಗ ಇದ್ದದ್ದು ಮಡಲು ಹೊದೆಸಿದ ಒಂದು ಕೊಟ್ಟಿಗೆ ಮತ್ತು ಕೈಬೆರಳೆಣಿಕೆಯ ಜನ. ಟಾಟಾ, ವಿನ್‌ಸೆಂಟ್, ಹೋಮಿ ಭರೂಚಾ ಇವರೇ ವೈಮಾನಿಕರು. ಮಳೆಗಾಲದಲ್ಲಿ ಆ ಬಯಲು ಕೆಸರಾಗುತ್ತಿದ್ದುದರಿಂದ ಸಂಸಾರವೆಲ್ಲ ಪುಣೆಗೆ ಸಾಗಬೇಕಾಗುತ್ತಿತ್ತು. ವೈಮಾನಿಕನು ಹಾರಿದರೆ ಸಾಲದು. ಅಂಚೆಯ ತೂಕ, ಪೆಟ್ರೋಲಿನ ಲೆಕ್ಕ, ಯಂತ್ರದ ದುರಸ್ತಿ, ಹವೆಯ ಲಕ್ಷಣ, ಇಲಾಖೆಯೊಡನೆ ಪತ್ರವ್ಯವಹಾರ ಎಲ್ಲವನ್ನೂ ಬಲ್ಲವನಾಗಿರಬೇಕಿತ್ತು. ಮೊದಲ ಪೂರ್ಣ ವರ್ಷದಲ್ಲಿ ವಿಮಾನಗಳು 1,60,000 ಮೈಲು ಹಾರಿದುವು. 155 ಮಂದಿ ಪ್ರಯಾಣಿಕರನ್ನೂ ಸುಮಾರು 10 ಟನ್ ಅಂಚೆಯನ್ನೂ ಸಾಗಿಸಿದುವು. 60,000 ರೂಪಾಯಿ ಲಾಭ ಬಂತು. 1935ರಲ್ಲಿ ಮುಂಬಯಿಯಿಂದ ಗೋವಾ, ಕಣ್ಣಾನೂರುಗಳ ಮೂಲಕ ತಿರುವನಂತಪುರಕ್ಕೆ ಸೇವೆ ಆರಂಭವಾಯಿತು. ನಮ್ಮ ಹಿರಿಯರು ಹಡಗಿನ ಡೆಕ್ಕಿನಲ್ಲಿ ಚಾಪೆ ಹಾಸಿ ಮುಂಬಯಿಗೆ ಬರುತ್ತಿದ್ದ ಅದೇ ಕಾಲದಲ್ಲಿ, ಗೋವಾದಿಂದ ಕಣ್ಣಾನೂರಿಗೆ ಹೋಗುವ ಆ ಚಿಕ್ಕ ವಿಮಾನಗಳಿಗೆ ಕನ್ನಡ ಕರಾವಳಿಯೇ ಹಾದಿಯಾಯಿತು.

1938ರಲ್ಲಿ, ಮೂವತ್ತನಾಲ್ಕರ ಪ್ರಾಯದಲ್ಲಿ, ಟಾಟಾ ಸಂಸ್ಥೆಗಳ ಅಧ್ಯಕ್ಷ ಪದವಿ ಅವರ ಪಾಲಿಗೆ ಬಂತು. ಉಕ್ಕು, ವಿದ್ಯುತ್ತು, ಬಟ್ಟೆಗಳ ಚಿಂತೆ ಹೊತ್ತವರು ದಿನವೂ ವಿಮಾನ ನಡೆಸುವುದು ಸಾಧ್ಯವಿರಲಿಲ್ಲ. ಅವರು ವಿಮಾನವನ್ನು ಬಿಡಲಿಲ್ಲ. ವಿಮಾನದೊಳಗಿನ ತಮ್ಮ ಪೀಠವನ್ನು ಮಾತ್ರ ಬದಲಾಯಿಸಿದರು. ಸಹಚರ ವಿನ್‌ಸೆಂಟ್ ಅವರು ಭಾರತದಲ್ಲಿ ವಿಮಾನ ನಿರ್ಮಿಸುವ ಯೋಜನೆಗಾಗಿ ಓಡಾಡುತ್ತ, 1942ರಲ್ಲಿ ಯುದ್ಧವಿಮಾನವೊಂದರಲ್ಲಿ ಇಂಗ್ಲೆಂಡಿಗೆ ಹೋಗುವಾಗ ಕಣ್ಮರೆಯಾದರು. ಜೊತೆಗಾರರಿಲ್ಲದೆಯೇ ಟಾಟಾ ಅವರು ಸಂಸ್ಥೆಯನ್ನು ಮುನ್ನಡೆಸಿದರು. 1946ರಲ್ಲಿ ಅದಕ್ಕೆ ಏರ್ ಇಂಡಿಯಾ ಎಂಬ ಹೆಸರಾಯಿತು. 1948ರ ಜೂನ್ 8ರಂದು ಮಲಬಾರ್ ಪ್ರಿನ್ಸೆಸ್ ಎಂಬ ವಿಮಾನವು ಮುಂಬಯಿಯಿಂದ ಕೈರೋ, ಜಿನೀವಾಗಳ ಮಾರ್ಗವಾಗಿ ಲಂಡನ್ನಿಗೆ ಹಾರಿತು. ಎರಡೇ ವರ್ಷಗಳಲ್ಲಿ, 1950ರ ನವೆಂಬರಿನಲ್ಲಿ, ಅದೇ ವಿಮಾನವು ಆಲ್ಪ್ಸ್ ಪರ್ವತಕ್ಕೆ ಬಡಿದು 48 ಮಂದಿ ಮಡಿದರು. ಈ ವೃತ್ತಿಯ ಬೆಲೆ ಏನೆಂಬುದನ್ನು ಮರೆಯದವರಿಗೆ ಮಾತ್ರ ಇದರಲ್ಲಿ ಸ್ಥಾನವಿದೆ.

1953ರಲ್ಲಿ ಸರಕಾರವು ವಿಮಾನ ಸಂಸ್ಥೆಗಳನ್ನು ರಾಷ್ಟ್ರೀಕರಣಗೊಳಿಸಿತು. ಟಾಟಾ ಅವರಿಗೆ ಇದು ಸಮ್ಮತವಿರಲಿಲ್ಲ. ಆದರೂ ಅಧ್ಯಕ್ಷರಾಗಿ ಮುಂದುವರಿಯಬೇಕೆಂಬ ಕೋರಿಕೆಯನ್ನು ಒಪ್ಪಿ, ಸಂಬಳವಿಲ್ಲದೆ ಕಾಲು ಶತಮಾನ ದುಡಿದರು. ತಾವು ಪ್ರಯಾಣ ಮಾಡಿದಾಗಲೆಲ್ಲ ಕಂಡ ಕೊರತೆಗಳನ್ನು ಬರೆದು ಅಧಿಕಾರಿಗಳಿಗೆ ಕಳುಹಿಸುತ್ತಿದ್ದರು. ವಿಮಾನದಲ್ಲಿ ಕೊಟ್ಟ ಚಹಾದ ಬಣ್ಣ ಕಾಫಿಯ ಬಣ್ಣಕ್ಕಿಂತ ಬೇರೆಯಾಗಿರಲಿಲ್ಲವೆಂಬುದನ್ನೂ ಅವರು ಬಿಡಲಿಲ್ಲ. ಕೌಂಟರಿನ ಮೇಲೆ ಧೂಳು ಕಂಡರೆ ಬಟ್ಟೆ ತರಿಸಿ ತಾವೇ ಒರೆಸಿದರು. ಗಿರಾಕಿಯ ಮುಂದೆ ಇಡುವ ಲೋಟ ಹೊಳೆಯಬೇಕು, ಮೇಜು ಒರೆಸಿರಬೇಕು ಎಂಬ ಪಾಠವನ್ನು ನಮ್ಮ ಹೋಟೆಲಿನ ಮಾಣಿ ಮೊದಲ ದಿನವೇ ಕಲಿಯುತ್ತಾನೆ. ಪರವಾನಗಿ ಸಂಖ್ಯೆ 1ರ ವೈಮಾನಿಕರು ಅದೇ ಪಾಠವನ್ನು ತಮ್ಮ ಸಂಸ್ಥೆಗೆ ಕಲಿಸಿದರು. ಏರ್ ಇಂಡಿಯಾದ ಹೆಸರು ಜಗತ್ತಿನಲ್ಲಿ ಮೇಲೇರಿದ್ದು ಇದರಿಂದಲೇ.

1978ರ ಜನವರಿ 1ರಂದು ಎಂಪರರ್ ಅಶೋಕ ವಿಮಾನವು ಬಾಂದ್ರಾ ಕಡಲಿಗೆ ಬಿದ್ದು 213 ಮಂದಿ ಮೃತರಾದರು. ಮರು ತಿಂಗಳು ಅಂದಿನ ಸರಕಾರವು ಟಾಟಾ ಅವರನ್ನು ಅಧ್ಯಕ್ಷ ಸ್ಥಾನದಿಂದ ತೆಗೆಯಿತು. ವಾರ್ತೆಯು ಅವರಿಗೆ ಮೊದಲು ತಿಳಿದದ್ದು ಉತ್ತರಾಧಿಕಾರಿಯಾಗಿ ಬಂದ ಪಿ. ಸಿ. ಲಾಲ್ ಅವರಿಂದಲೇ. ಆ ಲಾಲ್ ಅವರೂ ವೈಮಾನಿಕರೇ. ವಾಯುಪಡೆಯ ಮುಖ್ಯಸ್ಥರಾಗಿ ನಿವೃತ್ತರಾದವರು. ನಲವತ್ತಾರು ವರ್ಷಗಳ ದುಡಿಮೆಗೆ ಇದೇ ಸಲ್ಲುವ ಗೌರವವೇ ಎಂದು ಜನರು ಮರುಗಿದರು. 1980ರಲ್ಲಿ ಅವರನ್ನು ಮರಳಿ ಆಡಳಿತ ಮಂಡಲಿಗೆ ಸೇರಿಸಲಾಯಿತು. ಅಧ್ಯಕ್ಷತೆ ಮಾತ್ರ ಮರಳಲಿಲ್ಲ.

ಪದವಿ ಹೋಯಿತು, ಆದರೆ ವಿದ್ಯೆ ಹೋಗಲಿಲ್ಲ. 1982ರ ಅಕ್ಟೋಬರ್ 15ರಂದು, ಎಪ್ಪತ್ತೆಂಟರ ಇಳಿವಯಸ್ಸಿನಲ್ಲಿ, ಅವರು ಹಳೆಯ ಲೆಪರ್ಡ್ ಮಾತ್ ವಿಮಾನವನ್ನು ಕರಾಚಿಯಿಂದ ತಾವೇ ನಡೆಸಿಕೊಂಡು ಬಂದು ಜುಹುವಿನಲ್ಲಿ ಇಳಿದರು. ಐವತ್ತು ವರ್ಷಗಳ ಹಿಂದಿನ ಅದೇ ಹಾದಿ, ಅದೇ ಬಯಲು. 1992ರಲ್ಲಿ ಭಾರತರತ್ನ ಪ್ರಶಸ್ತಿ ಬಂತು. 1993ರ ನವೆಂಬರ್ 29ರಂದು ಜಿನೀವಾದಲ್ಲಿ ಅವರು ತೀರಿಕೊಂಡರು. ಹುಟ್ಟಿದ ಪ್ಯಾರಿಸ್ ನಗರದಲ್ಲಿಯೇ ಮಣ್ಣಾದರು. ಅವರು ಕಟ್ಟಿದ ಸಂಸ್ಥೆಯು 2022ರ ಜನವರಿಯಲ್ಲಿ ಟಾಟಾ ಮನೆತನಕ್ಕೆ ಮರಳಿತು.

ಇನ್ನು ನಾವು ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಬರೋಣ. ಟಾಟಾ ಅವರಿಗೆ ಮನೆತನದ ಬೆಂಬಲವಿತ್ತು. ಸಾಲ ತೆಗೆದು ಕಲಿಯುವ ನಮ್ಮ ಹುಡುಗನಿಗೆ ಅದಿಲ್ಲ. ಆದ್ದರಿಂದ ಅವರ ಐಶ್ವರ್ಯವನ್ನು ಬದಿಗಿಟ್ಟು ಕ್ರಮವನ್ನು ಮಾತ್ರ ನೋಡಬೇಕು. ವಿನ್‌ಸೆಂಟ್, ಆಸ್ಪಿ, ಟಾಟಾ, ಲಾಲ್ ಇವರಲ್ಲಿ ಯಾರೂ ಒಂದೇ ಪೀಠಕ್ಕೆ ಅಂಟಿಕೊಂಡು ಬಾಳಲಿಲ್ಲ. ಹಾರಾಟದ ಜೊತೆಗೆ ನೆಲದ ಮೇಲಿನ ಒಂದೊಂದು ವಿದ್ಯೆಯನ್ನೂ ಕಲಿತಿದ್ದರು. ಇಂದು ದೊಡ್ಡ ವಿಮಾನ ಕಂಪೆನಿಯ ಕೆಲಸವೊಂದೇ ದಾರಿಯೆಂದು ತಿಳಿಯಬೇಕಾಗಿಲ್ಲ. ಅದೇ ಜುಹುವಿನಿಂದ ಮುಂಬಯಿ ಹೈ ಎಣ್ಣೆಬಾವಿಗಳಿಗೆ ಹೆಲಿಕಾಪ್ಟರುಗಳು ಹಾರುತ್ತವೆ. ಹಾರಾಟ ಕಲಿಸುವ ಶಿಕ್ಷಕರು, ಪರೀಕ್ಷಕರು, ಹೊಸ ವಿಮಾನಗಳನ್ನು ಪರೀಕ್ಷಿಸುವವರು, ಅಪಘಾತದ ಕಾರಣ ಶೋಧಿಸುವವರು, ಸರಕು ಸಾಗಿಸುವವರು, ವೇಳಾಪಟ್ಟಿ ಹೆಣೆಯುವವರು ಎಲ್ಲರೂ ಬೇಕು.

ಆದುದರಿಂದ ಹುಡುಗನ ಆಸೆಯನ್ನು ಚಿವುಟಬಾರದೆಂದು ನಾವು ತಂದೆಯವರಲ್ಲಿ ವಿನಂತಿಸುತ್ತೇವೆ. ಸಾಲಕ್ಕೆ ಸಹಿ ಹಾಕುವ ಮೊದಲು ಅವನನ್ನು ವೈದ್ಯಪರೀಕ್ಷೆಗೆ ಕಳುಹಿಸಿರಿ. ಹಾರಾಟದ ಜೊತೆಗೆ ಯಂತ್ರಶಾಸ್ತ್ರವನ್ನೋ ಲೆಕ್ಕಪತ್ರವನ್ನೋ ಕಲಿಯಲು ಹೇಳಿರಿ. ಲೋಟ ತೊಳೆಯಲು ಬಂದು, ಭಟ್ಟರ ಕೈಕೆಳಗೆ ಅಡಿಗೆ ಕಲಿತು, ಗಲ್ಲಾದಲ್ಲಿ ಲೆಕ್ಕ ಕಲಿತು, ಕೊನೆಗೆ ಸ್ವಂತ ಹೋಟೆಲು ತೆರೆದ ಹಿರಿಯರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಒಂದು ಕೆಲಸ ಕೈಬಿಟ್ಟರೆ ಇನ್ನೊಂದು ಕೈಹಿಡಿಯುವಂತೆ ಅವರು ಬಾಳಿದರು. ಆಕಾಶಕ್ಕೆ ಹೋಗುವ ಮಗನಿಗೂ ನಾವು ಕಟ್ಟಿಕೊಡತಕ್ಕ ಬುತ್ತಿ ಅದೇ.